ಕಾಯುವವರೇ, ಏಳಿ!

ಪದವಿ ಕೈಗೆ ಬಂದಿದೆ, ಕೆಲಸ ಸಿಕ್ಕಿಲ್ಲ. ನೇಮಕಾತಿ ಪರೀಕ್ಷೆ ಬರೆದು ಬಂದದ್ದಾಯಿತು, ಪಟ್ಟಿ ಹೊರಬೀಳುತ್ತಿಲ್ಲ. ದೇವರ ಸೇವೆಗೆ ಹೋಗಬೇಕೆಂಬ ಹಂಬಲ ಎದೆಯಲ್ಲಿ ಉರಿಯುತ್ತಿದೆ, ಯಾವ ಬಾಗಿಲೂ ತೆರೆಯುತ್ತಿಲ್ಲ. ಆಸ್ಪತ್ರೆಯ ಹಾಸಿಗೆಯಲ್ಲಿ ತಾಯಿ, ತಲೆಯ ಮೇಲೆ ಸಾಲ. ಮೊಣಕಾಲೂರಿ ಬೇಡಿದ ಪ್ರಾರ್ಥನೆಗೆ ಮೇಲಿನಿಂದ ಒಂದು ಮಾತೂ ಇಲ್ಲ. ಭಾನುವಾರ ಆರಾಧನೆ ಮುಗಿಸಿ ಹೊರಗೆ ಬಂದರೆ ಹಿರಿಯರೊಬ್ಬರು ಹೆಗಲ ಮೇಲೆ ಕೈಯಿಟ್ಟು "ಮುಂದೇನು ಮಗಾ?" ಎನ್ನುತ್ತಾರೆ. "ಪ್ರಾರ್ಥನೆ ಮಾಡಿ ಅಂಕಲ್" ಎಂದು ನೀವು ತಲೆ ತಗ್ಗಿಸಿ ನಡೆಯುತ್ತೀರಿ.

ಬೀದರಿನಿಂದ ಚಾಮರಾಜನಗರದವರೆಗೆ, ಕರಾವಳಿಯಿಂದ ಕೋಲಾರದವರೆಗೆ ನಮ್ಮ ಸಭೆಗಳ ಹಿಂದಿನ ಬೆಂಚುಗಳಲ್ಲಿ ಹೀಗೆ ಎಷ್ಟು ಜನ ಕುಳಿತಿದ್ದೀರಿ! ಇಪ್ಪತ್ತರ ಹರೆಯ, ಓದಿದ ತಲೆ, ಗಟ್ಟಿ ತೋಳು, ಹಾಡುವ ಕಂಠ, ದೇವರನ್ನು ನಂಬುವ ಹೃದಯ. ಇಷ್ಟೆಲ್ಲ ಇದ್ದೂ ನಿಮ್ಮ ಬದುಕು ಇನ್ನೂ ಶುರುವಾಗಿಲ್ಲವೆಂದು ನೀವೇ ತೀರ್ಮಾನಿಸಿಬಿಟ್ಟಿದ್ದೀರಿ. ಕೆಲಸ ಬಂದ ಮೇಲೆ ಬದುಕು, ಮದುವೆಯಾದ ಮೇಲೆ ಬದುಕು, ದೇವರು ಉತ್ತರ ಕೊಟ್ಟ ಮೇಲೆ ಬದುಕು. ಅಲ್ಲಿಯತನಕ? ಅಲ್ಲಿಯತನಕ ಮೊಬೈಲು.

ಯುವಜನರೇ, ದೇವರಿಗಾಗಿ ಕಾಯುವುದೆಂದರೆ ಇದೇನಾ? ಕಾಯುವ ಕಾಲ ನಮ್ಮ ಆಯುಷ್ಯದಿಂದ ಕಳೆದುಹೋಗುವ ಕಾಲವೇ?

ಯೆರೆಮೀಯನ ಗ್ರಂಥದ 29ನೆಯ ಅಧ್ಯಾಯವನ್ನು ತೆರೆಯಿರಿ. ನಮ್ಮ ಕ್ಯಾಲೆಂಡರುಗಳ ಮೇಲೆ, ಗೋಡೆಯ ಫಲಕಗಳ ಮೇಲೆ, ಹುಟ್ಟುಹಬ್ಬದ ಶುಭಾಶಯಗಳಲ್ಲಿ ಆ ಅಧ್ಯಾಯದ ಹನ್ನೊಂದನೆಯ ವಚನವೊಂದೇ ಮಿಂಚುತ್ತಿರುತ್ತದೆ. ಅದರ ಹಿಂದಿರುವ ಹತ್ತು ವಚನಗಳನ್ನು ಯಾರೂ ಚೌಕಟ್ಟು ಕಟ್ಟಿಸಿ ಗೋಡೆಗೆ ಹಾಕುವುದಿಲ್ಲ. ಆದರೆ ನಿಮಗೆ ಬೇಕಾದದ್ದು ಆ ಹತ್ತು ವಚನಗಳಲ್ಲೇ ಇದೆ. ಕ್ರಿಸ್ತಪೂರ್ವ 597ರಲ್ಲಿ ನೆಬೂಕದ್ನೆಚ್ಚರನು ಯೆರೂಸಲೇಮಿನಿಂದ ಅರಸನನ್ನು, ಅಧಿಕಾರಿಗಳನ್ನು, ಕಮ್ಮಾರರನ್ನು, ಕುಶಲ ಕೆಲಸಗಾರರನ್ನು ಬಾಬೆಲಿಗೆ ಸೆರೆ ಒಯ್ದನು. ದೇವಾಲಯ ದೂರವಾಯಿತು, ಊರು ದೂರವಾಯಿತು, ನಾಳೆ ಎಂಬುದು ಅಳಿಸಿಹೋಯಿತು. ಆ ಸೆರೆಯವರಿಗೆ ಯೆರೂಸಲೇಮಿನಿಂದ ಪ್ರವಾದಿಯ ಪತ್ರ ಬಂತು. ಅವರು ಏನನ್ನು ನಿರೀಕ್ಷಿಸಿದ್ದರೋ! ಪತ್ರದಲ್ಲಿದ್ದದ್ದು ಕೆಲಸದ ಆಜ್ಞೆ. ಮನೆ ಕಟ್ಟಿಕೊಳ್ಳಿ, ತೋಟ ಹಾಕಿ ಅದರ ಫಲ ತಿನ್ನಿ, ಮದುವೆಯಾಗಿ ಮಕ್ಕಳನ್ನು ಪಡೆಯಿರಿ, ಯಾವ ಪಟ್ಟಣಕ್ಕೆ ಸೆರೆಯಾಗಿ ಹೋದಿರೋ ಆ ಪಟ್ಟಣದ ಕ್ಷೇಮಕ್ಕಾಗಿಯೇ ದುಡಿಯಿರಿ, ಅದಕ್ಕಾಗಿ ಪ್ರಾರ್ಥಿಸಿರಿ ಎಂಬುದು ಅದರ ತಾತ್ಪರ್ಯ. ಬಿಡುಗಡೆ ಯಾವಾಗ? ಎಪ್ಪತ್ತು ವರ್ಷ ತುಂಬಿದಾಗ.

ಎಪ್ಪತ್ತು ವರ್ಷ! ಪತ್ರವನ್ನು ಕೇಳಿಸಿಕೊಂಡ ಮೂವತ್ತರ ಯುವಕನೊಬ್ಬನು ತಾನು ಊರಿಗೆ ಮರಳುವುದಿಲ್ಲವೆಂದು ಆ ಕ್ಷಣದಲ್ಲೇ ಅರಿತಿರಬೇಕು. ಆದರೂ ಅವನಿಗೆ ದೇವರು ಹೇಳಿದ್ದು ತೋಟ ಹಾಕು ಎಂದೇ.

ಅದೇ ಕಾಲದಲ್ಲಿ ಯೆರೂಸಲೇಮಿನಲ್ಲಿ ಹನನ್ಯನೆಂಬ ಇನ್ನೊಬ್ಬ ಪ್ರವಾದಿಯಿದ್ದನು. ಅವನು ಯೆರೆಮೀಯನ ಕೊರಳಿನ ಮರದ ನೊಗವನ್ನು ಕಿತ್ತು ಮುರಿದು, ಎರಡೇ ವರ್ಷದಲ್ಲಿ ಎಲ್ಲವೂ ಸರಿಹೋಗುತ್ತದೆಂದು ದೇವರ ಹೆಸರಿನಲ್ಲೇ ಸಾರಿದನು. ಜನರಿಗೆ ಯಾರ ಮಾತು ಸಿಹಿಯಾಗಿ ಕೇಳಿಸಿರಬೇಕು? ಇಂದಿಗೂ ಅಷ್ಟೇ. ಈ ತಿಂಗಳು ನಿಮ್ಮ ಅದ್ಭುತದ ತಿಂಗಳು, ನಲವತ್ತು ದಿನದಲ್ಲಿ ವೀಸಾ, ಕಾಣಿಕೆ ಕೊಟ್ಟರೆ ಕೆಲಸ ಎಂದು ವೇದಿಕೆಯ ಮೇಲಿಂದ ಕೂಗುವವರಿದ್ದಾರೆ. ಅವರ ಕೂಗಿಗೆ ಮರುಳಾಗಬೇಡಿ! ದೇವರ ಸಮಯಕ್ಕೆ ಬೆಲೆ ಕಟ್ಟಿ ಮಾರುವವರು ಆತನನ್ನು ಬಲ್ಲವರಲ್ಲ. ಹನನ್ಯನು ಅದೇ ವರ್ಷ ತೀರಿಕೊಂಡನು, ಅವನ ಎರಡು ವರ್ಷವೂ ಸುಳ್ಳಾಯಿತು. ಯೆರೆಮೀಯನೋ, ಬಾಬೆಲಿನ ಸೈನ್ಯ ನಗರವನ್ನು ಮುತ್ತಿರುವಾಗ, ತಾನೇ ಕಾರಾಗೃಹದ ಅಂಗಳದಲ್ಲಿ ಬಂಧಿಯಾಗಿರುವಾಗ, ಅನಾತೋತಿನಲ್ಲಿ ಒಂದು ಹೊಲ ಕೊಂಡನು. 17 ಶೆಕೆಲ್ ಬೆಳ್ಳಿ ತೂಗಿ ಕೊಟ್ಟು, ಸಾಕ್ಷಿ ಹಾಕಿಸಿ, ಕ್ರಯಪತ್ರಗಳನ್ನು ಬಹುಕಾಲ ಉಳಿಯುವಂತೆ ಮಣ್ಣಿನ ಮಡಕೆಯಲ್ಲಿ ಇಡಿಸಿದನು. ಶತ್ರುವಿನ ವಶವಾಗುತ್ತಿರುವ ನಾಡಿನಲ್ಲಿ ಜಮೀನು ಕೊಳ್ಳುವವರುಂಟೇ? ದೇವರ ಮಾತನ್ನು ನಂಬಿದವನು ಕೊಂಡನು. ಯಾವಾಗ ಬಿಡುಗಡೆ ಎಂದು ತಿಳಿದವನು, ತನ್ನ ಕಾಲದಲ್ಲಿ ಅಲ್ಲವೆಂದೂ ತಿಳಿದವನು, ಕೊಂಡೇ ಕೊಂಡನು.

ಇಂಥ ಕಾಯುವಿಕೆ ನಮ್ಮ ಭಾರತದ ಮಣ್ಣಿನಲ್ಲೂ ನಡೆದಿದೆ. 1793ರಲ್ಲಿ ಇಂಗ್ಲೆಂಡಿನ ಮೂವತ್ತೆರಡರ ಒಬ್ಬ ಯುವಕ ಬಂಗಾಳಕ್ಕೆ ಬಂದಿಳಿದರು. ಹೆಸರು ವಿಲಿಯಂ ಕ್ಯಾರಿ. ಚಪ್ಪಲಿ ಹೊಲಿಯುವ ಕಸುಬಿನಿಂದ ಬಂದವರು, ಹಳ್ಳಿಯ ಚಿಕ್ಕ ಬ್ಯಾಪ್ಟಿಸ್ಟ್ ಸಭೆಯಲ್ಲಿ ಬೋಧಕರಾದವರು. ಈಸ್ಟ್ ಇಂಡಿಯಾ ಕಂಪನಿಗೆ ತನ್ನ ಸೀಮೆಯಲ್ಲಿ ಮಿಷನರಿಗಳು ಬೇಡವಾಗಿತ್ತು. ಹೊಟ್ಟೆಪಾಡಿಗೆ ಅವರು ಮಾಲ್ದಾ ಕಡೆಯ ಒಂದು ನೀಲಿ ಕಾರ್ಖಾನೆಯ ಮೇಲ್ವಿಚಾರಣೆ ವಹಿಸಿಕೊಂಡರು. 1794ರಲ್ಲಿ ಐದು ವರ್ಷದ ಮಗ ಪೀಟರ್ ತೀರಿಕೊಂಡ. ಹೆಂಡತಿ ಡೊರೊಥಿಯ ಮನಸ್ಸು ಆ ದುಃಖದಲ್ಲಿ ಒಡೆದುಹೋಯಿತು, ಮತ್ತೆ ಎಂದೂ ಕೂಡಿಕೊಳ್ಳಲಿಲ್ಲ. ಒಂದು ವರ್ಷ ಕಳೆಯಿತು, ಎರಡು ಕಳೆಯಿತು, ಐದು ಕಳೆಯಿತು. ಅವರ ಸಾಕ್ಷಿಯಿಂದ ಒಬ್ಬ ಬಂಗಾಳಿಯೂ ದೀಕ್ಷಾಸ್ನಾನಕ್ಕೆ ಬರಲಿಲ್ಲ. ಏಳು ವರ್ಷ! ಕೃಷ್ಣ ಪಾಲ್ ಎಂಬ ಬಡಗಿ ಹೂಗ್ಲಿ ನದಿಗಿಳಿದದ್ದು 1800ರ ಡಿಸೆಂಬರ್ 28ರಂದು.

ಆ ಏಳು ವರ್ಷ ಅವರು ಏನು ಮಾಡುತ್ತಿದ್ದರು? ಬಂಗಾಳಿ ಕಲಿತರು. ಸಂಸ್ಕೃತಕ್ಕೆ ಕೈಹಾಕಿದರು. ಕಾರ್ಖಾನೆಯ ಲೆಕ್ಕ ಮುಗಿಸಿ ದೀಪದ ಬೆಳಕಿನಲ್ಲಿ ಹೊಸ ಒಡಂಬಡಿಕೆಯನ್ನು ಬಂಗಾಳಿಗೆ ತಂದರು. ದೇವರು ಸುಮ್ಮನಿದ್ದ ಆ ವರ್ಷಗಳಲ್ಲಿ ಅವರ ಲೇಖನಿ ಸುಮ್ಮನಿರಲಿಲ್ಲ. ಬಾಗಿಲು ತೆರೆದಾಗ, 1800ರಲ್ಲಿ ಡೇನರ ಆಳ್ವಿಕೆಯ ಶ್ರೀರಾಮಪುರದಲ್ಲಿ ನೆಲೆ ಸಿಕ್ಕಾಗ, ಅವರ ಕೈ ಖಾಲಿಯಿರಲಿಲ್ಲ. ಮರುವರ್ಷವೇ ಬಂಗಾಳಿ ಹೊಸ ಒಡಂಬಡಿಕೆ ಅಚ್ಚಾಗಿ ಹೊರಬಂತು.

ಇಲ್ಲಿಗೆ ಕಥೆ ಮುಗಿದಿದ್ದರೆ ಕಾದವನಿಗೆ ಫಲ ಸಿಕ್ಕಿತು ಎಂದು ಚಪ್ಪಾಳೆ ತಟ್ಟಿ ಏಳಬಹುದಿತ್ತು. ಮುಗಿಯಲಿಲ್ಲ. 1812ರ ಮಾರ್ಚ್ 11ರ ಸಂಜೆ ಶ್ರೀರಾಮಪುರದ ಅಚ್ಚುಕೂಟಕ್ಕೆ ಬೆಂಕಿ ಬಿತ್ತು. ಕ್ಯಾರಿ ಆಗ ಕಲ್ಕತ್ತೆಯಲ್ಲಿದ್ದರು. ಕಾಗದದ ರಾಶಿ ಸುಟ್ಟಿತು, ಹಲವು ಭಾಷೆಗಳ ಅಚ್ಚುಮೊಳೆಗಳು ಕರಗಿ ಸೀಸದ ಮುದ್ದೆಯಾದವು. ಅವರು ವರ್ಷಗಟ್ಟಲೆ ಕೂಡಿಸಿದ ಬಹುಭಾಷಾ ನಿಘಂಟಿನ ಹಸ್ತಪ್ರತಿ ಬೂದಿಯಾಯಿತು. ತೆಲುಗು ವ್ಯಾಕರಣ ಹೋಯಿತು. ಮತ್ತು, ಕನ್ನಡದ ಯುವಕರೇ, ಕನ್ನಡದ ಯುವತಿಯರೇ, ಕೇಳಿ: ಆ ಬೆಂಕಿಯಲ್ಲಿ ನಮ್ಮ ಕನ್ನಡದ ಹೊಸ ಒಡಂಬಡಿಕೆಯ ಹಸ್ತಪ್ರತಿಯೂ ಹೋಯಿತು.

ಆಗ ಅವರಿಗೆ ಐವತ್ತು ವರ್ಷ. ಮಗನನ್ನು ಕಳೆದುಕೊಂಡವರು, ಹೆಂಡತಿಯನ್ನೂ ಕಳೆದುಕೊಂಡವರು, ಈಗ ದುಡಿಮೆಯನ್ನೂ ಕಳೆದುಕೊಂಡವರು. ದೇವರಿಗಾಗಿ ಮಾಡಿದ ಕೆಲಸವನ್ನೇ ದೇವರು ಉರಿಯಲು ಬಿಟ್ಟನಲ್ಲ ಎಂದು ಅವರು ಕೇಳಿದ್ದರೆ ನಾವು ತಪ್ಪೆನ್ನುತ್ತಿದ್ದೆವೇ? ಬೆಂಕಿಯ ನಂತರದ ಭಾನುವಾರ ಅವರು ಪ್ರಸಂಗಕ್ಕೆ ಆರಿಸಿಕೊಂಡದ್ದು 46ನೆಯ ಕೀರ್ತನೆಯನ್ನು. ಬೆಟ್ಟಗಳು ಸಮುದ್ರಕ್ಕೆ ಕುಸಿದರೂ ಮನಸ್ಸನ್ನು ದೇವರ ಮುಂದೆ ನಿಶ್ಚಲವಾಗಿ ನಿಲ್ಲಿಸಲು ಕಲಿಸುವ ಕೀರ್ತನೆ ಅದು. ಅವರ ಮನಸ್ಸು ನಿಂತಿತು. ಕೈ ನಿಂತಿತೇ? ಬೂದಿಯನ್ನು ಕೆದಕಿದಾಗ ಅಚ್ಚುಮೊಳೆ ಎರೆಯುವ ಉಕ್ಕಿನ ಪಡಿಯಚ್ಚುಗಳು ಉಳಿದಿದ್ದವು. ಕರಗಿದ ಲೋಹವನ್ನೇ ಮತ್ತೆ ಕಾಯಿಸಿದರು, ಮತ್ತೆ ಎರೆದರು, ಮೊದಲ ಪುಟದಿಂದ ಮತ್ತೆ ಬರೆದರು. ಕನ್ನಡನಾಡಿನಿಂದ ಅಷ್ಟು ದೂರದ ಹೂಗ್ಲಿ ದಂಡೆಯಿಂದ 1817ರಲ್ಲಿ ಕ್ಯಾರಿಯವರ ಕನ್ನಡ ವ್ಯಾಕರಣ ಹೊರಬಂತು. 1823ರಲ್ಲಿ, ಬೆಂಕಿ ನುಂಗಿದ ಹನ್ನೊಂದು ವರ್ಷಗಳ ತರುವಾಯ, ಶ್ರೀರಾಮಪುರದ ಕನ್ನಡ ಹೊಸ ಒಡಂಬಡಿಕೆ ಬಂತು. ಇತ್ತ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅದೇ ಕೆಲಸಕ್ಕೆ ಇಳಿದಿದ್ದರು; 1810ರಲ್ಲಿ ಆ ಊರಿಗೆ ಬಂದ ಅವರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಸತ್ಯವೇದ ಕನ್ನಡದಲ್ಲಿ ಸಿದ್ಧವಾಯಿತು. ಇಂದು ನೀವು ಮೊಬೈಲಿನಲ್ಲಿ ಬೆರಳಾಡಿಸಿ ತೆರೆಯುವ ಕನ್ನಡ ಸತ್ಯವೇದದ ಹಿಂದೆ ಇಷ್ಟು ಕಾಯುವಿಕೆಯಿದೆ, ಇಷ್ಟು ಬೂದಿಯಿದೆ. ಕಾದವರ ಕೈಯಿಂದ ಅದು ನಿಮ್ಮ ಕೈಗೆ ಬಂದಿದೆ. ನಿಮ್ಮ ಕೈಯಿಂದ ಮುಂದಿನವರಿಗೆ ಏನು ಹೋಗಲಿದೆ?

ತೋಟದ ಮಾತನ್ನೂ ಹೇಳಲೇಬೇಕು. ಕ್ಯಾರಿ ಶ್ರೀರಾಮಪುರದಲ್ಲಿ ದೊಡ್ಡ ಸಸ್ಯೋದ್ಯಾನ ಬೆಳೆಸಿದರು. 1820ರಲ್ಲಿ ಭಾರತದ ಕೃಷಿ ಮತ್ತು ತೋಟಗಾರಿಕೆ ಸಂಘವನ್ನು ಸ್ಥಾಪಿಸಿದರು. ಬಾಬೆಲಿಗೆ ಬಂದ ಪತ್ರವನ್ನು ಆ ಮನುಷ್ಯ ಅಕ್ಷರಶಃ ಪಾಲಿಸಿದರೆಂದೇ ನನಗನ್ನಿಸುತ್ತದೆ. ತಾವಿರುವ ನೆಲದ ಕ್ಷೇಮ ಬೇರೆ, ದೇವರ ರಾಜ್ಯ ಬೇರೆ ಎಂದು ಅವರು ಎಣಿಸಲಿಲ್ಲ.

ಇಲ್ಲೊಂದು ಮಾತನ್ನು ಖಡಾಖಂಡಿತವಾಗಿ ಹೇಳಬೇಕು. ತಾಳ್ಮೆ ಎಂಬ ಪವಿತ್ರ ಗುಣವನ್ನು ನಮ್ಮಲ್ಲಿ ಕೆಲವರು ಅನ್ಯಾಯಕ್ಕೆ ಹೊದಿಕೆ ಮಾಡಿಕೊಂಡಿದ್ದಾರೆ. ಗಂಡನ ಏಟು ತಿನ್ನುವ ಹೆಣ್ಣುಮಗಳಿಗೆ "ಕರ್ತನ ಸಮಯಕ್ಕೆ ಕಾದುಕೋ" ಎನ್ನುವವರುಂಟು. ಜಾತಿಯ ಹೆಸರಿನಲ್ಲಿ ಅವಮಾನಗೊಂಡ ಹುಡುಗನಿಗೆ "ಸಹಿಸಿಕೋ, ದೇವರು ನೋಡಿಕೊಳ್ಳುತ್ತಾನೆ" ಎನ್ನುವವರುಂಟು. ಅದು ದೇವರನ್ನು ಕಾಯುವುದಲ್ಲ, ದೇವರ ಹೆಸರಿನಲ್ಲಿ ಕಣ್ಣುಮುಚ್ಚಿಕೊಳ್ಳುವುದು! 1799ರಲ್ಲಿ ಕ್ಯಾರಿ ಒಬ್ಬ ವಿಧವೆಯನ್ನು ಗಂಡನ ಚಿತೆಯ ಮೇಲೆ ಸುಡುವುದನ್ನು ಕಣ್ಣಾರೆ ಕಂಡರು. ತಡೆಯಲು ಬೇಡಿಕೊಂಡರು, ಕೂಗಾಡಿದರು, ಆಗಲಿಲ್ಲ. ಸತಿ ಪದ್ಧತಿಯನ್ನು ನಿಷೇಧಿಸಿದ ಶಾಸನ ಬಂದದ್ದು 1829ರ ಡಿಸೆಂಬರಿನಲ್ಲಿ. ನಡುವೆ ಮೂವತ್ತು ವರ್ಷ. ಆ ಮೂವತ್ತು ವರ್ಷ ಅವರು ಪ್ರಾರ್ಥಿಸಿದರು, ಜೊತೆಗೆ ಲೆಕ್ಕ ಸಂಗ್ರಹಿಸಿದರು, ಪಂಡಿತರ ಬಳಿ ಶಾಸ್ತ್ರ ಕೇಳಿದರು, ಸರ್ಕಾರಕ್ಕೆ ಮತ್ತೆ ಮತ್ತೆ ಬರೆದರು. ರಾಜಾ ರಾಮಮೋಹನ ರಾಯರಂಥ ಧೀರರು ತಮ್ಮ ದಾರಿಯಲ್ಲಿ ಅದೇ ಹೋರಾಟ ನಡೆಸಿದರು. ಶಾಸನವನ್ನು ಬಂಗಾಳಿಗೆ ಅನುವಾದಿಸುವ ಕೆಲಸ ಕ್ಯಾರಿಯವರ ಕೈಗೆ ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ಅಂದಿನ ಪ್ರಸಂಗವನ್ನು ಬೇರೆಯವರಿಗೆ ಒಪ್ಪಿಸಿ, ಒಂದು ಗಳಿಗೆ ತಡವಾದರೂ ಇನ್ನೊಂದು ಜೀವ ಹೋದೀತೆಂದು ಸಂಜೆಯೊಳಗೆ ಅನುವಾದ ಮುಗಿಸಿದರು. ಮೂವತ್ತು ವರ್ಷ ಕಾಯಬಲ್ಲವರು ಒಂದು ದಿನವೂ ಕಾಯಲಾರದ ಹೊತ್ತನ್ನು ಗುರುತಿಸಬಲ್ಲರು. ಆ ಎರಡೂ ಬಲವನ್ನು ದೇವರು ನಿಮಗೆ ಕೊಡಲಿ.

ಯಾಕೋಬನು ತನ್ನ ಪತ್ರದಲ್ಲಿ ಮಳೆಗಾಗಿ ಕಾಯುವ ಒಕ್ಕಲಿಗನನ್ನು ನೋಡಿರಿ ಎನ್ನುತ್ತಾನೆ. ನಮ್ಮೂರಿನ ಒಕ್ಕಲಿಗನನ್ನೇ ನೋಡಿ. ರೋಹಿಣಿ ಮಳೆ ಕೈಕೊಟ್ಟಿತು, ಮೃಗಶಿರಕ್ಕಾದರೂ ಬಂದೀತೆಂದು ಮುಗಿಲು ನೋಡುತ್ತಾನೆ. ಮೋಡವನ್ನು ಎಳೆದು ತರುವ ಶಕ್ತಿ ಅವನಿಗಿಲ್ಲ. ಹಾಗೆಂದು ಜಗುಲಿಯ ಮೇಲೆ ಮಲಗುತ್ತಾನೆಯೇ? ಗೊಬ್ಬರ ಹೊಡೆಯುತ್ತಾನೆ, ಬದು ಕಟ್ಟುತ್ತಾನೆ, ಕೂರಿಗೆ ಸರಿಮಾಡುತ್ತಾನೆ, ಬಿತ್ತನೆಯ ರಾಗಿಯನ್ನು ಹಸನು ಮಾಡಿ ಎತ್ತಿಡುತ್ತಾನೆ. ಹೊಲ ಹದಮಾಡದವನಿಗೆ ಮಳೆ ಬಂದರೂ ಏನು?

ನೆಹೆಮೀಯನ ಕಥೆ ನಿಮಗೆ ಗೊತ್ತು. 52 ದಿನದಲ್ಲಿ ಯೆರೂಸಲೇಮಿನ ಗೋಡೆ ಕಟ್ಟಿದವನು. ನಮ್ಮ ಪ್ರಸಂಗಗಳಲ್ಲಿ ಆ 52 ದಿನ ಮೊಳಗುತ್ತದೆ. ಅದಕ್ಕೂ ಮುಂಚಿನ ನಾಲ್ಕು ತಿಂಗಳು? ಶೂಷನ್ ಅರಮನೆಯಲ್ಲಿ ಅವನು ಅರಸನ ಪಾನದಾಯಕ. ಕಿಸ್ಲೇವ್ ಮಾಸದಲ್ಲಿ ಊರಿನ ಗೋಡೆ ಬಿದ್ದಿರುವ ಸುದ್ದಿ ಬಂತು. ಕುಳಿತು ಅತ್ತನು, ಉಪವಾಸವಿದ್ದನು, ಪ್ರಾರ್ಥಿಸಿದನು. ನೀಸಾನ್ ಮಾಸದವರೆಗೆ ಏನೂ ನಡೆಯಲಿಲ್ಲ. ದಿನವೂ ದ್ರಾಕ್ಷಾರಸದ ಪಾತ್ರೆ ಎತ್ತಿಕೊಟ್ಟನು, ದಿನವೂ ಕಾದನು. ಒಂದು ದಿನ ಅರಸನೇ ಏನು ಬೇಕೆಂದು ಕೇಳಿದನು. ಆ ಕ್ಷಣದಲ್ಲಿ ನೆಹೆಮೀಯನು ತಡಬಡಿಸಲಿಲ್ಲ. ಎಷ್ಟು ಕಾಲ ಬೇಕೆಂದು ಹೇಳಿದನು, ಯಾವ ಅಧಿಪತಿಗಳಿಗೆ ಪತ್ರ ಬೇಕೆಂದು ಹೇಳಿದನು, ಬಾಗಿಲುಗಳಿಗೆ ತೊಲೆ ಯಾವ ವನದಿಂದ, ಯಾರ ಕೈಯಿಂದ ಬರಬೇಕೆಂದು ಹೆಸರು ಹಿಡಿದು ಹೇಳಿದನು. ನಾಲ್ಕು ತಿಂಗಳ ಕಣ್ಣೀರಿನ ನಡುವೆ ಅವನು ಲೆಕ್ಕವನ್ನೂ ಹಾಕಿದ್ದನು!

ನಿಮ್ಮ ಅರಸನು ನಾಳೆ ಕೇಳಿದರೆ? ಹೋಗು, ಬಾಗಿಲು ತೆರೆದಿದ್ದೇನೆ, ಏನು ಬೇಕು ಎಂದು ಕರ್ತನು ಈ ವಾರವೇ ಕೇಳಿಬಿಟ್ಟರೆ? ನಿಮ್ಮ ಬಳಿ ಪಟ್ಟಿಯಿದೆಯೇ? ಕಲಿತ ಭಾಷೆಯಿದೆಯೇ? ಪಳಗಿದ ಕೈಯಿದೆಯೇ? ನಿಮ್ಮ ತಾಲ್ಲೂಕಿನಲ್ಲಿ ಎಲ್ಲಿ ಗೋಡೆ ಬಿದ್ದಿದೆ ಎಂದು ಒಮ್ಮೆಯಾದರೂ ಸುತ್ತಿ ನೋಡಿ ಬಂದಿದ್ದೀರಾ?

ಹೇಳುವುದು ಸುಲಭ, ಇಲ್ಲಿ ಎದೆ ಬಿರಿಯುತ್ತಿದೆ ಎನ್ನುವಿರಾ? ಹೌದು, ಬಿರಿಯುತ್ತದೆ. ಅಳುವುದನ್ನು ಯಾರೂ ನಿಮ್ಮಿಂದ ಕಿತ್ತುಕೊಳ್ಳದಿರಲಿ. ಕೀರ್ತನೆಗಳ ಪುಸ್ತಕದಲ್ಲಿ "ಎಷ್ಟರ ತನಕ?" ಎಂಬ ಕೂಗು ಎಷ್ಟು ಸಲ ಏಳುತ್ತದೆ! ಹಬಕ್ಕೂಕನು ಕಾವಲುಗೋಪುರ ಹತ್ತಿ ದೇವರೊಂದಿಗೇ ವಾದಕ್ಕೆ ನಿಂತನು. ಹಾಗೆ ಕೂಗಿದವರನ್ನು ದೇವರು ತಳ್ಳಲಿಲ್ಲ. ಅವರ ಕೂಗನ್ನು ತನ್ನ ಗ್ರಂಥದೊಳಗೇ ಸೇರಿಸಿಕೊಂಡನು. ಅಳಿರಿ, ಕೇಳಿರಿ, ವಾದಿಸಿರಿ. ಮನಸ್ಸು ಕುಗ್ಗಿ ಏಳಲಾಗದ ದಿನಗಳಲ್ಲಿ ಒಬ್ಬರೇ ಇರಬೇಡಿ. ಗೆಳೆಯರನ್ನು ಕರೆಯಿರಿ, ಸಭಾಪಾಲಕರನ್ನು ಕರೆಯಿರಿ, ವೈದ್ಯರ ಬಳಿಗೂ ಹೋಗಿರಿ. ಯೇಸುಸ್ವಾಮಿ ಪರಲೋಕಕ್ಕೆ ಏರಿಹೋದ ಮೇಲೆ ಶಿಷ್ಯರು ಪಂಚಾಶತ್ತಮದ ದಿನದವರೆಗೆ ಕಾದದ್ದು ಮೇಲಂತಸ್ತಿನ ಒಂದೇ ಕೋಣೆಯಲ್ಲಿ ಕೂಡಿಕೊಂಡಲ್ಲವೇ? ಹೆಂಗಸರೂ ಗಂಡಸರೂ, ಯೇಸುವಿನ ತಾಯಿಯೂ, ಹೆಗಲಿಗೆ ಹೆಗಲು ತಾಗಿಸಿ.

ಆದ್ದರಿಂದ ನಮ್ಮ ಯುವಜನ ಸಂಘಗಳು ಕಾಯುವವರ ಕೋಣೆಗಳಾಗಲಿ, ಕೆಲಸದ ಕೋಣೆಗಳೂ ಆಗಲಿ. ಬಿ.ಎಡ್. ಮುಗಿಸಿ ನೇಮಕಾತಿಗೆ ಕಾಯುತ್ತಿರುವ ತಂಗಿ, ನಿನ್ನ ಬೀದಿಯ ಏಳನೆಯ ತರಗತಿಯ ಮಕ್ಕಳಿಗೆ ಭಿನ್ನರಾಶಿ ಬರುವುದಿಲ್ಲ. ಸಭಾಮಂದಿರದ ಹಿಂದಿನ ಕೋಣೆ ವಾರದ ಆರು ದಿನ ಖಾಲಿ ಬಿದ್ದಿದೆ, ಬೀಗ ತೆಗೆಸು. ನರ್ಸಿಂಗ್ ಓದಿ ಗಲ್ಫ್ ವೀಸಾಕ್ಕೆ ಕಾಯುತ್ತಿರುವ ತಮ್ಮ, ನಿನ್ನ ಊರಿನ ಮುದುಕರ ರಕ್ತದೊತ್ತಡ ನೋಡುವವರಿಲ್ಲ. ಶನಿವಾರ ಸಂಜೆ ಒಂದು ಮೇಜು ಹಾಕಿ ಕುಳಿತುಕೋ, ಯಾವ ಜಾತಿ, ಯಾವ ಧರ್ಮ ಎಂದು ಕೇಳದೆ ತೋಳು ಹಿಡಿದು ನೋಡು. ಕಂಪ್ಯೂಟರ್ ಬಲ್ಲವರೇ, 1853ರಲ್ಲಿ ಇಪ್ಪತ್ತೊಂದರ ಹರೆಯದಲ್ಲಿ ಈ ನಾಡಿಗೆ ಬಂದ ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟೆಲ್ಲರು ಸುಮಾರು 70,000 ಪದಗಳ ಕನ್ನಡ ನಿಘಂಟನ್ನು ಅಚ್ಚಿನಲ್ಲಿ ಕಂಡದ್ದು 1894ರಲ್ಲಿ, ಅರವತ್ತೆರಡನೆಯ ವಯಸ್ಸಿನಲ್ಲಿ. ನಡುವೆ 1877ರಲ್ಲಿ ಜರ್ಮನಿಗೆ ಮರಳಿದವರು, ನಿಘಂಟಿನ ಕೆಲಸಕ್ಕಾಗಿ 1883ರಲ್ಲಿ ಮತ್ತೆ ಹಡಗು ಹತ್ತಿ ಬಂದರು. ಅಂಥವರ ಕಾಲದ ಹಳೆಯ ಪುಸ್ತಕಗಳು, ನಮ್ಮ ಅಜ್ಜಿಯರು ಹಾಡಿದ ಕನ್ನಡ ಸಂಗೀತಗಳ ಹರಿದ ಪ್ರತಿಗಳು ಹಳೆಯ ಸಭೆಗಳ ಬೀರುಗಳಲ್ಲಿ ಗೆದ್ದಲು ಹಿಡಿಯುತ್ತಿವೆ. ಸ್ಕ್ಯಾನ್ ಮಾಡಿ, ಅಕ್ಷರ ಜೋಡಿಸಿ, ನಾಡಿಗೆಲ್ಲ ಸಿಗುವಂತೆ ಮಾಡಿ. ಅದಕ್ಕೆ ಯಾರ ನೇಮಕಾತಿ ಆದೇಶವೂ ಬೇಕಿಲ್ಲ.

ಹಿರಿಯರೇ, ನಿಮ್ಮಲ್ಲೂ ಒಂದು ಬೇಡಿಕೆ: ಕಾಯುತ್ತಿರುವ ಹುಡುಗರನ್ನು ಕಂಡಾಗ ಮುಂದೇನೆಂದು ಕೇಳುವ ಮುನ್ನ ಈಗ ಏನು ಮಾಡುತ್ತಿದ್ದೀಯ, ನಾನೂ ಕೈಹಾಕಲೇ ಎಂದು ಕೇಳಿ. ಬೀಗದ ಕೈ ನಿಮ್ಮ ಬಳಿಯಿದೆ, ಕೊಡಿ.

ಮತ್ತು ನೀವು, ಹಿಂದಿನ ಬೆಂಚಿನವರೇ, ಬರುವ ಭಾನುವಾರ ಆರಾಧನೆ ಮುಗಿದ ಕೂಡಲೇ ಮನೆಗೆ ಹೋಗಬೇಡಿ. ನಾಲ್ವರು ಸೇರಿ, ಒಂದು ಹಾಳೆ ತೆಗೆಯಿರಿ, ನಿಮ್ಮ ಊರಿನಲ್ಲಿ ಬಿದ್ದಿರುವ ಗೋಡೆಗಳ ಹೆಸರು ಬರೆಯಿರಿ. ಅದರಲ್ಲಿ ಒಂದನ್ನು ಆರಿಸಿ. ಅದರ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಸೋಮವಾರ ಬೆಳಿಗ್ಗೆ ಎಷ್ಟು ಗಂಟೆಗೆ, ಯಾರ ಮನೆಯ ಮುಂದೆ ಸೇರುವುದೆಂದು ಅಲ್ಲೇ ಗೊತ್ತುಮಾಡಿಕೊಂಡು ಏಳಿ!